ದೊರೆ ಹಾಕಿದ ಗಂಟು

ಬಚ್ಚಪ್ಪ: ಕೇಳ್ಲಾ ಸೊಣ್ಣಪ್ಪ, ಬಾಯಿ ಮುಚ್ಕೊಂಡು ಕೇಳು. ಕ್ರೋವಾಟರು ಅಂತ ಒಂದು ಜನ. ಬೆಟ್ಟದ ಕಡೆಯೋರು, ಕುದುರೆ ಮೇಲೆ ಕೂತು ಕತ್ತಿ ಬೀಸೋರು. ದಂಡಿಗೆ ಓಗೋವಾಗ ಅವ್ರ ಎಂಡ್ರು ಗಂಡನ ಕುತ್ತಿಗೆಗೆ ಒಂದು ತುಂಡು ಬಟ್ಟೆ ಕಟ್ಟಿ ಕಳಿಸೋರಂತೆ. ಆ ಜನ ಪ್ರಾನ್ಸ್ ದೇಶದ ರಾಜನ ಸೈನ್ಯಕ್ಕೆ ಸೇರ್ಕೊಂಡು ಪ್ಯಾರಿಸ್ ಪಟ್ಣದ ಬೀದೀಲಿ ಸಾಲಾಗಿ ಬಂದ್ರು. ರಾಜ ಉಪ್ಪರಿಗೆ ಮೇಲಿಂದ ನೋಡ್ದ. ಅವ್ರು ಲಡಾಯಿ ಗೆದ್ದಿದ್ದು ಬಿಟ್ಟಾಕ್ದ, ಕುತ್ತಿಗೇಲಿರೋದು ನೋಡಿ ಮರುಳಾದ. ‘ನಂಗೂ ಒಂದು ಕಟ್ರೋ’ ಅಂದ. ರಾಜ ಕಟ್ಟಿದ್ ಮೇಲೆ ಮಂತ್ರಿ ಬಿಟ್ಟಾನಾ? ಮಂತ್ರಿ ಕಟ್ಟಿದ್ ಮೇಲೆ ಶಾನುಭೋಗ ಬಿಟ್ಟಾನಾ? ಅಂಗೆ ಊರೆಲ್ಲ ಕಟ್ಕೊಂತು. ಕ್ರೋವಾಟರು ತಂದಿದ್ದಕ್ಕೇ ಅದಕ್ಕೆ ಕ್ರವಾಟ್ ಅಂತ ಹೆಸ್ರು ಬಂತು, ಅದೇ ಈಗಿನ ಟೈ. ಇದು ನಾನು ಕಟ್ಟಿದ ಕತೆಯಲ್ಲ. ಆಸ್ಪತ್ರೆ ಡಾಕ್ಟ್ರು ನಮ್ಮ ದೊರೆ ಬಂಗಲೆಗೆ ಊಟಕ್ಕೆ ಬಂದಾಗ ಮೇಜಲ್ಲಿ ಏಳಿದ್ದು. ಅವ್ರ ಬೆನ್ನಿಂದೆ ನಾನು ಸೂಪಿನ ಬೋಗುಣಿ ಇಡ್ಕೊಂಡು ನಿಂತಿದ್ದೆ. ಬೋಗುಣಿ ಸುಡ್ತಿತ್ತು. ಕೈ ಸುಟ್ರೂ ಕೇಳಿಸ್ಕೊಂಡೆ.

ಸೊಣ್ಣಪ್ಪ: ಕೈ ಸುಡೋನಿಗೆ ಕಿವಿ ಎಲ್ಲಿ ಕೇಳಿಸ್ತದೆ? ಅರ್ಧ ಕೇಳಿದೀಯ. ಕಿಟಕಿ ಆಚೆ ಹೂವಿನ ಕುಂಡಕ್ಕೆ ನೀರು ಆಕ್ತಾ ನಾನಿದ್ದೆ. ನಮ್ಮ ದೊರೆ ಏನಂದ್ರು? ‘ರೋಮ್ ದೇಶದ ಸಿಪಾಯಿಗಳು ಸಾವಿರ ವರ್ಷದ ಇಂದೇನೇ ಕುತ್ತಿಗೆಗೆ ಬಟ್ಟೆ ಸುತ್ಕೋತಿದ್ರು, ನಿನ್ನ ಕ್ರೋವಾಟ ಆವಾಗ ತೊಟ್ಲಲ್ಲೂ ಇರ್ಲಿಲ್ಲ’ ಅಂದ್ರು.

ಬಚ್ಚಪ್ಪ: ಸುತ್ಕೊಳ್ಳೋದು ಬೇರೆ, ಕಟ್ಕೊಳ್ಳೋದು ಬೇರೆ ಕಣ್ಲಾ. ತಲೆಗೆ ಟವಲ್ ಸುತ್ಕೊಂಡೋನೆಲ್ಲ ದಿವಾನ್ರಾ?

ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಹಿಂದಿನ ಓಣಿಯಲ್ಲಿ, ಸೊಣ್ಣಪ್ಪನ ಮನೆಯ ಜಗಲಿಯ ಮೇಲೆ, ಈ ಜಗಳ ಒಂಬತ್ತು ವರ್ಷದಿಂದ ಹೀಗೇ ನಡೆದುಬಂದಿತ್ತು. ಚಿನ್ನದ ಗಣಿಯ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಬಚ್ಚಪ್ಪ ಬಟ್ಲರ್ ಆಗಿದ್ದ, ಸೊಣ್ಣಪ್ಪ ಮಾಲಿಯಾಗಿದ್ದ. ಒಂದೇ ರಾತ್ರಿಯ ಒಂದೇ ಊಟದ ಮಾತನ್ನು ಒಬ್ಬ ಒಳಗೆ ನಿಂತು ಕೇಳಿದ್ದ, ಇನ್ನೊಬ್ಬ ಹೊರಗೆ ನಿಂತು. ಗಣಿ ಸರ್ಕಾರದ ಕೈಗೆ ಬಂದ ಐವತ್ತಾರರಲ್ಲಿ ದೊರೆ ತನ್ನ ದೇಶಕ್ಕೆ ಹೊರಟಾಗ ಬಚ್ಚಪ್ಪನಿಗೆ ಒಂದು ಹ್ಯಾಟು ಕೊಟ್ಟಿದ್ದ. ಸೊಣ್ಣಪ್ಪನಿಗೆ ತನ್ನ ಕೊರಳಲ್ಲಿದ್ದ ಟೈಯನ್ನೇ, ಕೆಂಪು ರೇಷ್ಮೆಯದು, ಗಂಟು ಹಾಕಿದ್ದು ಹಾಕಿದ ಹಾಗೇ ತಲೆ ಮೇಲಿಂದ ತೆಗೆದು ಕೊಟ್ಟುಬಿಟ್ಟಿದ್ದ.

ಹ್ಯಾಟನ್ನು ಇಲಿ ತಿಂದಿತು. ಟೈ ಮಾತ್ರ ದೇವರ ಹಾಗೆ ಉಳಿಯಿತು. ಓಣಿಯ ಯಾವ ಗಂಡಿಗೆ ಮದುವೆ ಗೊತ್ತಾದರೂ ಸ್ಟುಡಿಯೋದಲ್ಲಿ ಫೋಟೋ ತೆಗೆಸಲು ಸೊಣ್ಣಪ್ಪನ ಮನೆಯಿಂದ ಟೈ ಹೋಗಬೇಕು. ಕಟ್ಟಳೆ ಒಂದೇ: ಗಂಟು ಬಿಚ್ಚಕೂಡದು. ಕುಣಿಕೆ ಸಡಿಲಿಸಿ ತಲೆಯಲ್ಲಿ ತೂರಿಸಬೇಕು, ಜಗ್ಗಿ ಬಿಗಿ ಮಾಡಬೇಕು, ಹಾಗೇ ತೆಗೆಯಬೇಕು. ಏಕೆಂದರೆ ಅದು ದೊರೆ ಕೈಯಾರೆ ಹಾಕಿದ ಗಂಟು. ಹನ್ನೊಂದು ಗಂಡುಗಳು ಅದನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡಿದ್ದರು. ಹನ್ನೊಂದು ಜನರಿಗೂ ವರ್ಷ ತುಂಬುವುದರೊಳಗೆ ತೊಟ್ಟಿಲು ಕಟ್ಟಿತು. ಗಂಟಿನ ಮಹಿಮೆ ಎಂದು ಊರೇ ನಂಬಿತು.

ಈಗ ಹನ್ನೆರಡನೆಯದು ಸೊಣ್ಣಪ್ಪನ ಸ್ವಂತ ಅಳಿಯನಾಗುವವನ ಸರದಿ. ಮಗಳು ವೆಂಕಟರತ್ನಮ್ಮನನ್ನು ಬಂಗಾರಪೇಟೆಯ ಕೋದಂಡಪ್ಪನ ಮಗನಿಗೆ ಕೊಡಲು ಒಪ್ಪಿದ್ದಾಗಿತ್ತು. ಕೋದಂಡಪ್ಪ ವಾಚು ಕೇಳಲಿಲ್ಲ, ಸೈಕಲ್ಲು ಕೇಳಲಿಲ್ಲ. “ನನ್ನ ಮಗ ಆ ಗಂಟು ಆಕ್ಕೊಂಡು ಫೋಟೋದಾಗೆ ಕೂರ್ಬೇಕು, ಅಷ್ಟೇಯ” ಎಂದಿದ್ದ. ಇವತ್ತು ಬೆಳಗಿನ ರೈಲಿಗೆ ಬರುತ್ತೇನೆ ಎಂದಿದ್ದ. ಆ ಖುಷಿಯಲ್ಲಿ ಸೊಣ್ಣಪ್ಪನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಸೊಣ್ಣಪ್ಪ: ಇರು, ಟೈಯನ್ನೇ ತಂದು ತೋರಿಸ್ತೀನಿ. ಅದರ ಗಂಟು ನೋಡಿದ್ರೆ ಕುರುಡನೂ ಏಳ್ತಾನೆ, ಇದು ರೋಮ್ ದೇಶದ್ದು ಅಂತ.

ಒಳಗೆ ಹೋಗಿ ಟ್ರಂಕಿನ ಮುಚ್ಚಳ ಎತ್ತಿದ. ಮಡಿ ಪಂಚೆ ಇತ್ತು, ನುಸಿಗುಳಿಗೆ ಇತ್ತು. ಟೈ ಇರಲಿಲ್ಲ. ಪಂಚೆ ಕೊಡವಿದ. ಟ್ರಂಕನ್ನೇ ಬೋರಲು ಹಾಕಿದ. ಆಮೇಲೆ ಹೊಟ್ಟೆಯೊಳಗಿಂದ ಒಂದು ಕೂಗು ಹೊರಟಿತು.

ಸೊಣ್ಣಪ್ಪ: ಗಂಗಾ! ಲೇ ಗಂಗಾ! ಟೈ ಎಲ್ಲೇ?

ಹಿತ್ತಲಿಂದ ಹೆಂಡತಿ ಮುನಿಗಂಗಮ್ಮನ ದನಿ ನಿಧಾನವಾಗಿ ಬಂತು.

ಮುನಿಗಂಗಮ್ಮ: ಇಲ್ಲೈತೆ. ಒಗ್ದು ಒಣಗಾಕಿದೀನಿ.

ಇಬ್ಬರೂ ಹಿತ್ತಲಿಗೆ ಓಡಿದರು. ನುಗ್ಗೆಮರದಿಂದ ಗೋಡೆಯ ಮೊಳೆಗೆ ಎಳೆದ ಹಗ್ಗದ ಮೇಲೆ, ಒಂದು ಲಂಗ ಮತ್ತು ಎರಡು ದುಪ್ಪಟಿಗಳ ನಡುವೆ, ದೊರೆಯ ಟೈ ಪಡವಲಕಾಯಿಯಂತೆ ಉದ್ದಕ್ಕೆ ನೇತಾಡುತ್ತಿತ್ತು. ತುದಿಯಿಂದ ಹನಿ ಹನಿ ನೀರು. ಗಂಟಿದ್ದ ಕಡೆ ಒಂದು ಸುಕ್ಕೂ ಉಳಿದಿರಲಿಲ್ಲ.

ಸೊಣ್ಣಪ್ಪ: ಗಂಟು?

ಮುನಿಗಂಗಮ್ಮ: ಬಿಚ್ದೆ. ಗಂಟಿದ್ರೆ ಒಳಗಿನ ಕೊಳೆ ಓಗ್ತದಾ?

ಸೊಣ್ಣಪ್ಪ: ಬಿಚ್ದೆ! ಕೇಳ್ದೇನ್ಲಾ ಬಚ್ಚಾ, ಬಿಚ್ದಳಂತೆ!

ಬಚ್ಚಪ್ಪ: ಸರಿಪೋಯಿಂದಿ ಪೋ! ಸರಿಹೋಯ್ತು ಬಿಡು! ಅಲ್ಲಕ್ಕಾ, ದೊರೆ ಕೈಯಾರೆ ಹಾಕಿದ ಗಂಟು, ಅದೇನು ಹುರುಳಿಕಾಯಿ ನಾರಾ ಬಿಚ್ಚಿ ಬಿಸಾಕೋಕೆ?

ಮುನಿಗಂಗಮ್ಮ: ಓದ ವಾರ ಮುನಿಸ್ವಾಮಪ್ಪನ ಮಗ ತನ್ನ ಕೂಸಿನ ನಾಮಕರಣಕ್ಕೆ ಮತ್ತೆ ಇಸ್ಕೊಂಡು ಅದರ ಮೇಲೆ ಪಾಯಸ ಚೆಲ್ಕೊಂಡವ್ನೆ. ನೆನ್ನೆ ಸಂಜೆ ತಂದ್ಕೊಟ್ರು. ದ್ರಾಕ್ಷಿ ಸಮೇತ ಇತ್ತು. ಅಳಿಯನ ಕೊರಳಿಗೆ ಪಾಯಸ ಕಟ್ಟಿ ಕಳಿಸ್ಲಾ? ಒಣಗ್ಲಿ ತಾಳಿ. ಒಣಗಿದ್ ಮೇಲೆ ನಾನೇ...

ಸೊಣ್ಣಪ್ಪ: ನೀನು ಬಾಯಿ ತೆಗೀಬೇಡ! ಒಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದು! ಬೀಗ ರೈಲಲ್ಲಿ ಬರ್ತಾವ್ನೆ!

ಅವನು ಟೈಯನ್ನು ಹಗ್ಗದಿಂದ ಎಳೆದ ರಭಸಕ್ಕೆ ನುಗ್ಗೆಮರದ ಕಡೆ ಹಗ್ಗವೇ ಕಳಚಿಕೊಂಡು ಲಂಗ, ದುಪ್ಪಟಿ ಎಲ್ಲ ಕೆಸರಿಗೆ ಬಿದ್ದವು. ಮುನಿಗಂಗಮ್ಮ ಬಟ್ಟೆಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಒಂದೊಂದಾಗಿ ಬಕೀಟಿಗೆ ಹಾಕತೊಡಗಿದಳು. ಸೊಣ್ಣಪ್ಪನಿಗೆ ಅದೊಂದೂ ಕಾಣಿಸಲಿಲ್ಲ.

ಸೊಣ್ಣಪ್ಪ: ಬಚ್ಚಾ, ನೀನು ಬಟ್ಲರು. ದಿನಾ ನೋಡಿದೀಯ. ನೀನು ಆಕು ಗಂಟು.

ಬಚ್ಚಪ್ಪ: ನಾನು ನೋಡಿದ್ದು ಹಾಕಿದ್ ಮೇಲೆ ಕಣ್ಲಾ. ದೊರೆ ಕೋಣೆಯಿಂದ ಬರೋ ಹೊತ್ತಿಗೆ ಕುತ್ತಿಗೇಲಿ ಕೂತೇ ಇರ್ತಿತ್ತು. ಆದ್ರೂ ತಾ ಇಲ್ಲಿ. ಇಪ್ಪತ್ತು ವರ್ಷ ಊಟದ ಮೇಜಿಗೆ ಕೈವಸ್ತ್ರ ಮಡಿಸಿರೋ ಕೈ ಇದು.

ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಬಚ್ಚಪ್ಪ ಟೈಯನ್ನು ತೊಡೆಯ ಮೇಲೆ ಹರಡಿದ. ಇತ್ತ ಮಡಿಸಿದ, ಅತ್ತ ಮಡಿಸಿದ, ನಾಲಗೆ ಕಚ್ಚಿಕೊಂಡು ಮೂಲೆ ತಿರುವಿದ, ಅಂಗೈ ಮೇಲೆ ನಿಲ್ಲಿಸಿದ.

ಸೊಣ್ಣಪ್ಪ: ಇದೇನ್ಲಾ?

ಬಚ್ಚಪ್ಪ: ತಾವರೆ ಹೂವು.

ಸೊಣ್ಣಪ್ಪ: ತಾವರೆನ ಕುತ್ತಿಗೆಗೆ ಎಂಗೆ ಕಟ್ಲಿ?

ಬಚ್ಚಪ್ಪ: ಕೈ ಅಭ್ಯಾಸ. ಬೇಕಾದ್ರೆ ನವಿಲು ಮಾಡಿಕೊಡ್ತೀನಿ.

ಸೊಣ್ಣಪ್ಪ: ನವಿಲು ನಿನ್ನ ತಲೆ ಮೇಲೆ ಕೂರಿಸ್ಕೋ! ಕೊಡಿತ್ಲಾಗೆ. ಕುತ್ತಿಗೆ ಚಾಚು.

ಸೊಣ್ಣಪ್ಪನಿಗೆ ಗೊತ್ತಿದ್ದುದು ಒಂದೇ ಗಂಟು, ಗುಲಾಬಿ ಗಿಡವನ್ನು ಊರುಗೋಲಿಗೆ ಕಟ್ಟುವ ಗಂಟು. ಬಿರುಗಾಳಿಗೂ ಜಗ್ಗದ ಗಂಟು ಅದು. ಬಚ್ಚಪ್ಪನ ಕುತ್ತಿಗೆಗೆ ಎರಡು ಸುತ್ತು ಸುತ್ತಿ, ಒಳಗಿಂದ ತೂರಿಸಿ, ಮಂಡಿ ಕೊಟ್ಟು ಎಳೆದ. ಬಚ್ಚಪ್ಪನ ಕಣ್ಣುಗಳು ನಿಂಬೆಹಣ್ಣಿನಷ್ಟಾದವು.

ಬಚ್ಚಪ್ಪ: ಕ್... ಕ್ರೋ...

ಸೊಣ್ಣಪ್ಪ: ಸಾಯೋವಾಗ್ಲೂ ಕ್ರೋವಾಟ ಅಂತೀಯಲ್ಲೋ! ರೋಮ್ ಅನ್ನು, ಬಿಡ್ತೀನಿ.

ಬಚ್ಚಪ್ಪ: ರೋ... ರೋಮ್! ರೋಮ್!

ಸಡಿಲಿಸಿದ ಮೇಲೆ ಬಚ್ಚಪ್ಪ ಐದು ನಿಮಿಷ ಕೆಮ್ಮಿದ. ಕೆಮ್ಮಿನ ನಡುವೆಯೇ, “ಗುಲಾಬಿ ಗಿಡಕ್ಕೆ ಉಸಿರಾಡೋ ಕಷ್ಟ ಇಲ್ಲ ಕಣೋ ಮಾಲಿ, ಇದು ಮನುಷ್ಯರ ಗಂಟಲು” ಎಂದ. “ಪ್ರಾಣ ಉಳಿಸ್ಕೊಳ್ಳೋಕೆ ಏಳಿದ ಮಾತು ಸಾಕ್ಷಿಗೆ ಬರಲ್ಲ. ಅದು ಕ್ರೋವಾಟರದ್ದೇ” ಎಂದೂ ಸೇರಿಸಿದ.

ಅಷ್ಟರಲ್ಲಿ ಓಣಿಯ ತುದಿಯಿಂದ ಪರಿಚಿತವಾದ ದನಿ ಕೇಳಿಸಿತು. “ಬೀಗರೇ! ಮನೇಲಿದ್ದೀರಾ?”

ಸೊಣ್ಣಪ್ಪ ಟೈಯನ್ನು ಕಿತ್ತುಕೊಂಡು ಒಳಗೆ ಎಸೆದ. ಅದು ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುನಿಗಂಗಮ್ಮನ ಹೆಗಲ ಮೇಲೆ ಬಿತ್ತು. ಅವಳು ಹೆಗಲ ಮೇಲಿಂದ ತೆಗೆದುಕೊಂಡು ಒಳಗೆ ಹೋದಳು.

ಕೋದಂಡಪ್ಪ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ರೈಲಿನ ದಾರಿ ಬದಲಿಸುವ ಕೆಲಸ ಮಾಡಿ ಮಾಡಿ ಮಾತಿನ ದಾರಿಯೂ ಅವನ ಕೈಲೇ ಇರಬೇಕು ಎನ್ನುವ ಮನುಷ್ಯ.

ಕೋದಂಡಪ್ಪ: ಕೂರೋಕೆ ಪುರ್ಸೊತ್ತಿಲ್ಲ ಬೀಗರೇ. ಉಡುಗ ಸ್ಟುಡಿಯೋದಲ್ಲಿ ಕೋಟು ತೊಟ್ಕೊಂಡು ಕೂತವ್ನೆ. ಫೋಟೋದೋನು ಬಿಸಿಲು ಓಗೋಕೆ ಮುಂಚೆ ಬನ್ನಿ ಅಂದವ್ನೆ. ತನ್ನಿ, ಆ ಗಂಟು.

ಸೊಣ್ಣಪ್ಪ: ತರೋಣ ತರೋಣ. ಅದಕ್ಕೇನು ಅವಸರ? ಒಂದು ಲೋಟ ಕಾಫಿ... ಗಂಗಾ, ಕಾಫಿ! ಬೀಗರೇ, ಅಷ್ಟರಲ್ಲಿ ನೀವೇ ಒಂದು ನ್ಯಾಯ ಏಳಿ. ಈ ಟೈ ಅನ್ನೋದು ಮೊದ್ಲು ಯಾರದು? ರೋಮ್‌ನೋರದಾ, ಕ್ರೋವಾಟರದಾ?

ಕೋದಂಡಪ್ಪ ಹೊರಟ ಕಾಲನ್ನು ಹಿಂದಕ್ಕಿಟ್ಟ. ಗೊತ್ತಿಲ್ಲದ ವಿಷಯದಲ್ಲಿ ತೀರ್ಪು ಕೊಡುವ ಅವಕಾಶವನ್ನು ಬಿಡುವವನಲ್ಲ ಅವನು.

ಕೋದಂಡಪ್ಪ: ಇಬ್ಬರದೂ ಅಲ್ಲ. ಅದು ರೈಲ್ವೆದು.

ಬಚ್ಚಪ್ಪ: ರೈಲ್ವೆದಾ!

ಕೋದಂಡಪ್ಪ: ಮತ್ತಿನ್ಯಾರದು? ಗಾರ್ಡು ಒಂದು ಕೈಲಿ ಲಾಟೀನು ಇಡ್ಕೋಬೇಕು, ಇನ್ನೊಂದು ಕೈಲಿ ಸೀಟಿ. ಕೆಂಪು ಬಾವುಟ ಎಲ್ಲಿಡ್ತಾನೆ? ಕುತ್ತಿಗೆಗೆ ಕಟ್ಕೊಂಡ. ಅದನ್ನ ನೋಡಿ ಸ್ಟೇಷನ್ ಮಾಸ್ಟ್ರು ಕಟ್ಕೊಂಡ್ರು, ಅವರನ್ನ ನೋಡಿ ದೊರೆಗಳು ಕಟ್ಕೊಂಡ್ರು. ನಿಮ್ಮ ಟೈ ಕೆಂಪಲ್ವಾ? ಆಯ್ತಲ್ಲ! ಮದ್ವೆ ಗಂಡಿಗೂ ಅದಕ್ಕೇ ಕಟ್ಟೋದು. ಇಲ್ಲೀವರೆಗೂ ಓಡಾಡಿದ್ದು ಸಾಕು, ಇನ್ನು ನಿಲ್ಲಪ್ಪ ಅಂತ.

ಬಚ್ಚಪ್ಪ: ರೈಲು ಬರೋಕೆ ನೂರಾರು ವರ್ಷ ಮುಂಚೆ ಪ್ಯಾರಿಸ್ ಪಟ್ಣದಲ್ಲಿ...

ಕೋದಂಡಪ್ಪ: ರೈಲಿಲ್ದೆ ಪ್ಯಾರಿಸ್‌ಗೆ ಎಂಗೆ ಓದ್ರು ಅವ್ರು?

ಬಚ್ಚಪ್ಪ: ಕುದುರೆ ಮೇಲೆ!

ಕೋದಂಡಪ್ಪ: ಕುದುರೆ ಮೇಲೆ ಓಗೋರು ಟೈ ಕಟ್ಟಿದ್ರೆ ಗಾಳಿಗೆ ಮಕಕ್ಕೆ ಒಡ್ಕಳಲ್ವಾ? ಯೋಚ್ನೆ ಮಾಡಿ ಮಾತಾಡ್ರಿ.

ಸೊಣ್ಣಪ್ಪ: ಅಂಗಾದ್ರೆ ಹೆಸ್ರು? ಆ ಕ್ರವಾಟ್ ಅನ್ನೋ ಹೆಸ್ರು?

ಬಚ್ಚಪ್ಪ: ಕ್ರೋವಾಟರು ತಂದಿದ್ದಕ್ಕೆ...

ಸೊಣ್ಣಪ್ಪ: ಸುಳ್ಳು! ಆ ಸಿಪಾಯಿಗಳು ಬರೋಕೆ ಮುಂಚೇನೇ ಪ್ರಾನ್ಸ್‌ನಲ್ಲಿ ಆ ಮಾತಿತ್ತು ಅಂತ ನಮ್ಮ ದೊರೆ ಮೇಜು ಗುದ್ದಿ ಏಳಿದ್ರು. ಕಿಟಕಿ ಗಾಜು ನಡುಗ್ತು. ಡಾಕ್ಟ್ರ ತೊಡೆ ಮೇಲೆ ಸೂಪ್ ಚೆಲ್ತು.

ಬಚ್ಚಪ್ಪ: ಚೆಲ್ತು, ನಾನೇ ಒರೆಸ್ದೆ! ಆದ್ರೆ ಡಾಕ್ಟ್ರು ಮಾತು ಬಿಟ್ಕೊಡ್ಲಿಲ್ಲ. ತೊಡೆ ಸುಟ್ರೂ ಕ್ರೋವಾಟ ಅಂದ್ರು.

ಕೋದಂಡಪ್ಪ: ವಸ್ತು ಬರೋಕೆ ಮುಂಚೆ ಹೆಸ್ರು ಬರ್ತದಾ? ನನ್ನ ಮೊಮ್ಮಗನಿಗೆ ಈಗ್ಲೇ ಹೆಸ್ರಿಟ್ಟು ಕೂಗ್ಲಾ ನಾನು? ಮೊದ್ಲು ಮದ್ವೆ ಆಗ್ಲಿ. ಮದ್ವೆಗೆ ಮೊದ್ಲು ಫೋಟೋ ಆಗ್ಲಿ. ಎಲ್ಲಿ ಗಂಟು?

ಮಾತು ಸುತ್ತಿ ಬಳಸಿ ಮತ್ತೆ ಗಂಟಿಗೇ ಬಂದು ನಿಂತಿತು. ಸೊಣ್ಣಪ್ಪನ ಹಣೆಯಲ್ಲಿ ಬೆವರು ಸಾಲಿಟ್ಟಿತು. ಒಳಗಿನಿಂದ ಚೊಂಬಿನ ಸದ್ದು, ಬಳೆ ಸದ್ದು ಬರುತ್ತಿತ್ತು. ಕಾಫಿ ಮಾತ್ರ ಬರಲಿಲ್ಲ.

ಸೊಣ್ಣಪ್ಪ: ಬೀಗರೇ... ಒಂದು ಮಾತು. ಬರೀ ಟೈ ಆದ್ರೆ ಸಾಲದಾ? ಗಂಟು ಇಲ್ದೇನೂ ಲಕ್ಷಣವಾಗೇ ಇರ್ತದೆ. ಶಲ್ಯ ಇಳಿಬಿಟ್ಟಂಗೆ...

ಕೋದಂಡಪ್ಪನ ಮುಖ ಕೆಂಪು ದೀಪ ಹತ್ತಿದ ಹಾಗಾಯಿತು.

ಕೋದಂಡಪ್ಪ: ಬರೀ ಬಟ್ಟೆ ಬೇಕಾಗಿದ್ರೆ ಬಂಗಾರಪೇಟೇಲಿ ಸಿಕ್ತಿರ್ಲಿಲ್ವಾ? ನಾನು ಕೇಳಿದ್ದು ಒಂದೇ, ನೀವು ಒಪ್ಪಿದ್ದು ಒಂದೇ. ನನ್ನ ಎಂಡ್ತಿ ಅಶ್ವತ್ಥಮ್ಮ ಸ್ಟೇಷನ್ನಿನ ಮನೆ ಮನೆಗೂ ಏಳ್ಕೊಂಡು ಬಂದವ್ಳೆ, ದೊರೆ ಆಕಿದ ಗಂಟು ಅಂತ. ಈಗ ಗಂಟಿಲ್ಲ ಅಂದ್ರೆ ಕೊಟ್ಟ ಮಾತೂ ಇಲ್ಲ ಅಂತ್ಲೇ ಲೆಕ್ಕ.

ಸೊಣ್ಣಪ್ಪ ಜಗಲಿಯ ಕಂಬ ಹಿಡಿದುಕೊಂಡ. ಮಗಳ ಮುಖ ಕಣ್ಣ ಮುಂದೆ ಬಂತು. ರೋಮ್ ದೇಶವೂ ಬೇಡ, ಸಿಪಾಯಿಯೂ ಬೇಡ, ನಿಜ ಹೇಳಿ ಕಾಲಿಗೆ ಬಿದ್ದುಬಿಡೋಣ ಎಂದು ಬಾಯಿ ತೆರೆದ.

ಸೊಣ್ಣಪ್ಪ: ಬೀಗರೇ, ಆ ಗಂಟು...

ಮುನಿಗಂಗಮ್ಮ: ಇಗೋ ಬಂತು.

ಬಾಗಿಲಲ್ಲಿ ಮುನಿಗಂಗಮ್ಮ ನಿಂತಿದ್ದಳು. ಕೈಯಲ್ಲಿ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ವೀಳ್ಯದೆಲೆ, ಎಲೆಯ ಮೇಲೆ ಟೈ. ಟೈಗೆ ಗಂಟು, ಅದೇ ಮೂರು ಮೂಲೆಯ, ಕೊಬ್ಬರಿ ಹೋಳಿನಂಥ ಗಂಟು. ಒಂಬತ್ತು ವರ್ಷ ಇದ್ದ ಹಾಗೇ.

ಸೊಣ್ಣಪ್ಪ ಬಾಯಿ ಮುಚ್ಚುವುದನ್ನು ಮರೆತ. ಬಚ್ಚಪ್ಪ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡ. ಕೋದಂಡಪ್ಪ ಚಪ್ಪಲಿ ಬಿಟ್ಟು, ಎರಡು ಕೈಯಲ್ಲಿ ಟೈ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಕೋದಂಡಪ್ಪ: ಆಹಾ! ನೋಡ್ರಿ, ದೊರೆ ಕೈ ಅಂದ್ರೆ ದೊರೆ ಕೈ. ನಮ್ಮ ಜನಕ್ಕೆ ಸಾವಿರ ವರ್ಷ ಕಲಿಸಿದ್ರೂ ಬರಲ್ಲ ಇದು. ಬಟ್ಲರ್ ಅಣ್ಣಾ, ಇದು ಅದೇ ಗಂಟು ತಾನೇ?

ಬಚ್ಚಪ್ಪ: ನನ್ನ ಕಣ್ಣಾಣೆ ಅದೇ.

ಕೋದಂಡಪ್ಪ: ಯಾಕೋ ಸ್ವಲ್ಪ ತೇವ ಐತೆ?

ಸೊಣ್ಣಪ್ಪ ತಟ್ಟನೆ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

ಸೊಣ್ಣಪ್ಪ: ಅದು... ಬೆಳಿಗ್ಗೆ ತೆಗೆದು ನೋಡ್ದೆ ಬೀಗರೇ. ದೊರೆ ನೆನಪು ಬಂತು. ಅತ್ಬಿಟ್ಟೆ.

ಕೋದಂಡಪ್ಪ: ಇಷ್ಟೊಂದಾ?

ಬಚ್ಚಪ್ಪ: ನಾನೂ ಸೇರ್ಕೊಂಡೆ.

ಕೋದಂಡಪ್ಪನ ಕಣ್ಣೂ ಒದ್ದೆಯಾಯಿತು. “ಇಂಥಾ ಮನೆಯೋರ ಜೊತೆ ಸಂಬಂಧ ಮಾಡೋಕೆ ಪುಣ್ಯ ಮಾಡಿರ್ಬೇಕು” ಎನ್ನುತ್ತಾ ತಟ್ಟೆಯ ಸಮೇತ ಟೈ ಹಿಡಿದುಕೊಂಡು ಸ್ಟುಡಿಯೋ ಕಡೆಗೆ ದಾಪುಗಾಲು ಹಾಕಿದ. ಅವನು ಓಣಿ ತಿರುಗುವವರೆಗೂ ಇಬ್ಬರೂ ಕೈಮುಗಿದುಕೊಂಡೇ ನಿಂತಿದ್ದರು. ತಿರುಗಿದೊಡನೆ ಮುನಿಗಂಗಮ್ಮನ ಕಡೆ ನುಗ್ಗಿದರು.

ಸೊಣ್ಣಪ್ಪ: ಲೇ ಗಂಗಾ! ಯಾರೇ ಆಕಿದ್ದು?

ಮುನಿಗಂಗಮ್ಮ: ನಾನು. ಬಿಸಿನೀರು ತುಂಬಿದ ಚೊಂಬಲ್ಲಿ ಇಸ್ತ್ರಿ ತರ ಉಜ್ಜಿ ಒಣಗಿಸ್ದೆ, ಮಂಡಿಗೆ ಸುತ್ತಿ ಗಂಟಾಕ್ದೆ, ಮಂಡಿಯಿಂದ ಜಾರಿಸ್ದೆ. ಅದೇನು ದೊಡ್ಡ ಕೆಲ್ಸ?

ಸೊಣ್ಣಪ್ಪ: ನಿಂಗೆ ಎಂಗೆ ಬಂತು?

ಮುನಿಗಂಗಮ್ಮ: ಬಂಗಲೇಲಿ ಮೂರು ವರ್ಷ ಮಗು ಆಡಿಸೋ ಆಯಾ ಆಗಿದ್ನಲ್ಲ, ಮರೆತ್ರಾ? ನಿಮ್ಮ ದೊರೆಗೆ ಗಂಟು ಆಕೋಕೆ ಎಲ್ಲಿ ಬರ್ತಿತ್ತು? ದಿನಾ ದೊರೆಸಾನಿನೇ ಆಕಿಕೊಡ್ಬೇಕು. ಒಂದಿನ ಅವ್ರಿಗೆ ಜ್ವರ. ದೊರೆ ಟೈ ಇಡ್ಕೊಂಡು ಕೋಣೇಲಿ ಗರಗರ ಸುತ್ತವ್ರೆ, ಹಗ್ಗ ಕಿತ್ಕೊಂಡ ಕರ ಇದ್ದಂಗೆ. ದೊರೆಸಾನಿ ಮಲಗಿದ್ದ ಕಡೆಯಿಂದ್ಲೇ ತೋರಿಸ್ಕೊಟ್ರು. ನಾನು ಮಂಚದ ಕಾಲಿಗೆ ಸುತ್ತಿ ಆಕ್ಕೊಟ್ಟೆ. ಆಮೇಲಿಂದ ಅವ್ರಿಗೆ ಪುರ್ಸೊತ್ತಿಲ್ದಾಗೆಲ್ಲ ಅದೂ ನನ್ನ ಕೆಲ್ಸಾನೇ ಆಯ್ತು.

ಬಚ್ಚಪ್ಪ: ಹಾಗಾದ್ರೆ ಅಕ್ಕಾ... ಐವತ್ತಾರರಲ್ಲಿ ದೊರೆ ಕೊರಳಿಂದ ತೆಗೆದುಕೊಟ್ಟಿದ್ದು?

ಮುನಿಗಂಗಮ್ಮ: ಅವತ್ತು ದೊರೆಸಾನಿಗೆ ಪೆಟ್ಟಿಗೆ ಕಟ್ಟೋ ತರಾತುರಿ. ಅವತ್ತಿಂದೂ ನಾನೇ.

ಸೊಣ್ಣಪ್ಪ ಮೆಲ್ಲಗೆ ಜಗಲಿಯ ಮೇಲೆ ಕುಸಿದು ಕೂತ. ಹನ್ನೊಂದು ಗಂಡುಗಳು, ಹನ್ನೊಂದು ಫೋಟೋ, ಹನ್ನೊಂದು ತೊಟ್ಟಿಲು ಒಂದೊಂದಾಗಿ ಕಣ್ಣ ಮುಂದೆ ಬಂದುಹೋದವು.

ಸೊಣ್ಣಪ್ಪ: ಅಂದ್ರೆ ಒಂಬತ್ತು ವರ್ಷದಿಂದ ಊರೋರೆಲ್ಲ ಕಣ್ಣಿಗೊತ್ಕೊಂಡಿದ್ದು...

ಮುನಿಗಂಗಮ್ಮ: ಅದೂ ಬೇರೆ ಬೇರೆ ಗಂಟು. ಪ್ರತಿ ಮದ್ವೆ ಆದ್ಮೇಲೂ ಒಗೀಬೇಕಲ್ಲ. ಒಬ್ಬ ಬೆವರು ಇಳಿಸ್ತಾನೆ, ಒಬ್ಬ ಅರಿಶಿಣ ಮೆತ್ತಿರ್ತಾನೆ. ಪಾಪಕ್ಕನ ಅಳಿಯ ಮೂಗೂ ಒರೆಸಿದ್ದ. ‘ಪೆಟ್ಟಿಗೇಲಿ ಇಡು’ ಅಂತ ನೀವು ನನ್ನ ಕೈಗೇ ಕೊಡ್ತಿದ್ರಿ. ಒಗ್ದು, ಗಂಟಾಕಿ, ಇಡ್ತಿದ್ದೆ.

ಸೊಣ್ಣಪ್ಪ: ಮೊದ್ಲೇ ಏಳೋಕೇನೇ ನಿಂಗೆ? ನನ್ನ ಪ್ರಾಣ ಬಾಯಿಗೆ ಬಂದಿತ್ತಲ್ಲೇ!

ಮುನಿಗಂಗಮ್ಮ: ಏಳೋಣ ಅಂತ ಬಾಯಿ ತೆಗೆದ್ರೆ ಬಾಯಿ ಮುಚ್ಚು ಅಂದ್ರಿ. ಆಮೇಲೆ ಇಬ್ರೂ ಪ್ರಾನ್ಸ್‌ಗೆ ಓದ್ರಿ. ಅಷ್ಟು ದೂರ ಕೂಗೋ ಶಕ್ತಿ ನಂಗಿಲ್ಲ.

 ಬಚ್ಚಪ್ಪ ತಡೆಯಲಾರದೆ ಕೇಳಿದ.

ಬಚ್ಚಪ್ಪ: ಅಕ್ಕಾ, ಅವತ್ತು ರಾತ್ರಿ ಸೂಪ್ ಚೆಲ್ಲಿದಾಗ ನೀವೂ ಅಲ್ಲೇ ಮಗು ಎತ್ಕೊಂಡು ಬಾಗಿಲಲ್ಲಿ ನಿಂತಿದ್ರಿ. ನೀವೇ ಹೇಳಿಬಿಡಿ. ಗೆದ್ದಿದ್ದು ಡಾಕ್ಟ್ರಾ, ದೊರೇನಾ?

ಮುನಿಗಂಗಮ್ಮ: ಇಬ್ರೂ ಅಲ್ಲ. ಅವ್ರು ಮೇಜು ಗುದ್ದಿ ಗುದ್ದಿ ಸುಸ್ತಾದ ಮೇಲೆ ದೊರೆಸಾನಿ ಚಮಚ ಕೆಳಗಿಟ್ಟು ಮುರುಕು ಕನ್ನಡದಲ್ಲಿ ನನಗೆ ಮಾತ್ರ ಕೇಳೋ ಅಂಗೆ ಒಂದು ಮಾತಂದ್ರು: ‘ಆಯಾ, ಮೊದಲು ಯಾರ್ದೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಕಟ್ಟೋದು ನಾನೇ.’

ಹಾಗೆಂದು ಮುನಿಗಂಗಮ್ಮ ಕೆಸರು ಬಟ್ಟೆಯ ಬಕೀಟು ತಂದು ಇಬ್ಬರ ನಡುವೆ ಇಟ್ಟಳು. ಬೀಗ ಬಂದು ಹೋಗುವುದರೊಳಗೆ ಅದನ್ನೂ ಒಂದು ನೀರು ಜಾಲಿಸಿ ಮುಗಿಸಿದ್ದಳು.

ಮುನಿಗಂಗಮ್ಮ: ಏಳಿ ಇಬ್ರೂ. ಬೀಳಿಸಿದ ಹಗ್ಗ ಕಟ್ಟಿ, ಬಟ್ಟೆ ಒಣಗಾಕಿ.

ಸೊಣ್ಣಪ್ಪ ಎದ್ದು ಹೋಗಿ ನುಗ್ಗೆಮರಕ್ಕೆ ಹಗ್ಗ ಸುತ್ತಿ ತನ್ನ ಗುಲಾಬಿ ಗಂಟು ಹಾಕಿದ. ಬಚ್ಚಪ್ಪ ಮೊದಲ ದುಪ್ಪಟಿ ಹರವಿದ. ಹಗ್ಗ ಸರ್ರನೆ ಜಾರಿ ದುಪ್ಪಟಿ ನೆಲ ಮುಟ್ಟಿತು. ಬಚ್ಚಪ್ಪ ಸೊಣ್ಣಪ್ಪನ ಮುಖ ನೋಡಿದ.

ಬಚ್ಚಪ್ಪ: ನನ್ನ ಕುತ್ತಿಗೇಲಿ ಜಾರಲಿಲ್ಲವಲ್ಲೋ ಇದು!

ಮುನಿಗಂಗಮ್ಮ ನಗಲಿಲ್ಲ. ಬಂದು ಹಗ್ಗ ತೆಗೆದುಕೊಂಡು, ಎರಡು ಸುತ್ತು ಸುತ್ತಿ, ಒಮ್ಮೆ ಜಗ್ಗಿ ಎಳೆದಳು. ಮರ ಅಲುಗಿತೇ ಹೊರತು ಹಗ್ಗ ಅಲುಗಲಿಲ್ಲ. ಸೊಣ್ಣಪ್ಪ ಬಗ್ಗಿ ಬಕೀಟಿನಿಂದ ಲಂಗ ತೆಗೆದ, ಎರಡು ತುದಿ ಹಿಡಿದು ಹಿಂಡಿದ, ಕೊಡವಿದ, ಹಗ್ಗದ ಮೇಲೆ ನೆಟ್ಟಗೆ ಹರವಿದ. ಆಮೇಲೆ ದುಪ್ಪಟಿಗೆ ಕೈ ಹಾಕಿದ.